ಮೂಗಿನ ಕೆಂಪರಾಜ

ಬಾಗ್ಲು ಪೂರ್ತಿ ಹಾಕೋ ನವೀನ! ಗಾಳಿ ಆಡಿದ್ರೆ ವಾಸ್ನೆ ಎಲ್ಲಾ ಹಾರ್ಹೋಗುತ್ತೆ. ಫ್ಯಾನೂ ಬೇಡ. ಹ್ಞಾಂ, ಕೂತ್ಕೋ. ಸ್ಟೋರ್ ರೂಮೇ ಸರಿ ಇದಕ್ಕೆ, ಯಾರ ಕಾಟಾನೂ ಇಲ್ಲ... ಅಲ್ಲಾ ಕಣೋ, ಮೂಗಿಗೆ ಯಾಕೆ ಕರ್ಚೀಫ್ ಕಟ್ಕೊಂಡಿದೀಯಾ? ನೆಗಡೀನಾ? ಇವತ್ತೇ ಬರ್ಬೇಕಿತ್ತಾ ನಿಂಗೆ ನೆಗಡಿ!

ಓನರ್ ಊಟ ಮುಗಿಸ್ಕೊಂಡು ಬಂದ್ಬಿಡ್ತಾರೆ. ಅಷ್ಟ್ರೊಳಗೆ ಈ ಎರಡು ಗ್ಲಾಸ್ ವಿಸ್ಕೀಲಿ ರೈ ಯಾವ್ದು, ಬರ್ಬನ್ ಯಾವ್ದು ಅಂತ ಹೇಳಿ, ನಮ್ಮ ಬಾರ್‌ಗೆ ಒಂದನ್ನ ಆರಿಸ್ಬೇಕು. ಮಾಕಳಿದುರ್ಗ ಹತ್ತಿ ಇಳಿದು ಬರೋ ಸಿಟಿ ಹುಡುಗ್ರು ಈಗ ಇದನ್ನೇ ಕೇಳೋದು. ಮುಂಚೆ ತಣ್ಣಗಿರೋ ಬಿಯರ್ ಕೊಟ್ರೆ ಸಾಕಿತ್ತಪ್ಪಾ! ಆರಿಸೋಕೆ ನನ್ನ ಬಿಟ್ಟು ಇನ್ಯಾರಿದಾರೆ? ಇಡೀ ದೊಡ್ಡಬಳ್ಳಾಪುರದಲ್ಲಿ ಮೂಗಿನ ಕೆಂಪರಾಜ ಅಂದ್ರೆ ಯಾರು ಹೇಳು? ನಿಮ್ ಭಾವ! ನಿಮ್ಮಕ್ಕ ರಮ್ಯನ್ನ ನಂಗೆ ಕೊಡೋವಾಗ, ಬಾರಲ್ಲಿ ಕೆಲ್ಸ ಮಾಡೋನು ಅಂತ ನಿಮ್ಮಪ್ಪ ಮುಖ ಸಿಂಡರಿಸಿದ್ರು. ಈಗ್ನೋಡು, ನನ್ನ ಮನೆ ನಡೆಸ್ತಿರೋದೇ ಈ ಮೂಗು.

ಆದ್ರೆ ಈ ಸಲ ಓನರ್ ಬಾಟ್ಲಿ ಲೇಬಲ್ ಕಿತ್ತು ಕಳ್ಸಿದಾರಲ್ಲ, ಅದ್ಯಾಕೋ ಅರ್ಥ ಆಗ್ಲಿಲ್ಲ. ತಮಾಷೆಗೆ ಇರ್ಬೇಕು. ನಿನ್ನೆ ನಾನು ಇಲ್ಲೇ ಬುತ್ತಿ ಬಿಚ್ಕೊಂಡು ಉಣ್ತಿದ್ದೆ, ಓನರ್ ಬಂದು ಬಾಗ್ಲಲ್ಲೇ ನಿಂತ್ರು. ಬಾಯಿಗೆ ಕರ್ಚೀಫ್ ಇಟ್ಕೊಂಡ್ರು. ನನ್ನನ್ನೇ ನೋಡಿದ್ರು, ಹಂಗೇ ವಾಪಸ್ ಹೋಗ್ಬಿಟ್ರು. ಅವ್ರಿಗೂ ನೆಗಡಿ! ಊರಿಗೆಲ್ಲಾ ನೆಗಡಿ!... ಯಾಕೋ ನಗ್ತೀಯಾ? ನಗ್ತಿಲ್ವಾ? ಮತ್ತೆ ಕಣ್ಣಲ್ಲಿ ಯಾಕೆ ನೀರು?

ಸರಿ, ಕೇಳ್ಕೋ. ಬರ್ಬನ್ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಮುಸುಕಿನ ಜೋಳ. ನಿಮ್ಮ ಹೊಲದಲ್ಲಿ ಹಾಕಿದೀರಲ್ಲ, ಅದೇ. ಅದಕ್ಕೇ ಸಿಹಿ. ಒಳಗೆಲ್ಲಾ ಸುಟ್ಟು ಕಪ್ಪಗೆ ಮಾಡಿರೋ ಹೊಸಾ ಪೀಪಾಯೀಲಿ ಇಡ್ತಾರೆ, ಅಲ್ಲಿಂದ ವೆನಿಲ್ಲಾ, ಬೆಲ್ಲದ ಪಾಕದ ಘಮ. ರೈ ಹಂಗಲ್ಲ. ಅದು ಚಳಿ ದೇಶದ ಧಾನ್ಯ, ಆಗ್ತಾನೇ ಮೆಣಸು ಕುಟ್ಟಿದಂಗೆ ಮೂಗಿಗೆ ಏರುತ್ತೆ. ಒಳ್ಳೇ ರೈ ಆದ್ರೆ ಖಾರ ಇಳಿದ್ಮೇಲೆ ಪುದೀನ ತರ ತಂಪು ಉಳಿಯುತ್ತೆ. ಕೆಟ್ಟದ್ದು ಬರೀ ಸ್ಪಿರಿಟ್. ಬರ್ಬನ್ನೂ ಅಷ್ಟೆ, ಒಳ್ಳೇದು ಸಿಹಿ ಇದ್ರೂ ಮುಖಕ್ಕೆ ಹೊಡೆಯಲ್ಲ.

ತಡಿ, ಮೊದ್ಲು ಬೆರಳದ್ದಿ ಭೂಮ್ತಾಯಿಗೆ ಚಿಮುಕಿಸ್ತೀನಿ. ಹಿಂಗೆ. ಈಗ ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ... ಆಹಾ! ಎಡಗಡೆ ಗ್ಲಾಸು... ಆಹಾಹಾ... ನೀನು ಹೇಳು ಮೊದ್ಲು. ಯಾವತ್ತೂ ನೀನು ತಾನೇ ಮೊದ್ಲು ಹೇಳೋದು? ಆಮೇಲೆ ನಾನು ಸರಿ ತಪ್ಪು ಅಂತೀನಿ. ಹಂಗೇ ತಾನೇ ನೀನು ಕಲ್ತಿದ್ದು? ಯಾಕೋ ತಲೆ ಆಡಿಸ್ತೀಯಾ? ಕರ್ಚೀಫ್ ತೆಗಿಯೋ ಅಂದ್ರೆ!

ಹೋಗ್ಲಿ, ನಾನೇ ಹೇಳ್ತೀನಿ. ಎಡಗಡೇದು ಬಣ್ಣ ಗಾಢ... ಬರ್ಬನ್. ವೆನಿಲ್ಲಾ ಘಮ್ಮಂತಿದೆ! ಬಲಗಡೇದು ರೈ. ಹೂಂ ಅನ್ನೋ... ಅಲ್ವಾ? ಹಂಗಾದ್ರೆ ಎಡಗಡೇದೇ ರೈ, ಸುಮ್ನೆ ನಿನ್ನ ಪರೀಕ್ಷೆ ಮಾಡ್ದೆ ಅಷ್ಟೆ. ಅದಕ್ಕೂ ಹೂಂ ಅನ್ನಲ್ವಾ? ಎಂಥಾ ಕಲ್ಲು ಕಣೋ ನೀನು! ಇರು, ಬಾಯಲ್ಲೇ ನೋಡ್ತೀನಿ... ಉರಿ. ಇದು... ಇದೂ ಉರಿ.

ಕಾರ್ ಸದ್ದು! ಬಂದ್ರು ಅನ್ಸುತ್ತೆ. ನವೀನಾ, ನಿನ್ನ ದಮ್ಮಯ್ಯ, ಒಂದೇ ಒಂದು ಮಾತು ಹೇಳೋ. ಎಡಗಡೇದೋ ಬಲಗಡೇದೋ... ಕೈ ಸನ್ನೆ ಮಾಡು ಸಾಕು. ಯಾಕೆ ಆಗ್ಲಿಂದ ಆ ರ್‍ಯಾಕ್ ಕೆಳಗೇ ನೋಡ್ತಿದೀಯಾ? ಏನಿದೆ ಅಲ್ಲಿ? ಮೊಬೈಲ್ ಟಾರ್ಚ್ ಹಾಕು...

ಅಯ್ಯಯ್ಯೋ! ಹೆಗ್ಗಣ! ಸತ್ತು ಊದ್ಕೊಂಡು... ಹುಳ ಬಿದ್ಬಿಟ್ಟಿದೆಯಲ್ಲೋ!

ಯಾವಾಗಿಂದ ಇದೆ ಇದು? ನಿನ್ನೇನೂ ಇತ್ತಾ? ನಿನ್ನೆ ನಾನು ಇದೇ ಸ್ಟೂಲ್ ಮೇಲೆ ಕೂತು ಉಂಡೆ, ಇದರ ಪಕ್ಕದಲ್ಲೇ. ನೀವು ಬಾರ್ ಹುಡುಗ್ರೆಲ್ಲಾ ಆಚೆ ಬಿಸಿಲಲ್ಲಿ ಉಣ್ತಿದ್ರಿ... ಒಳಗೆ ಬನ್ರೋ ಅಂತ ನಾನೇ ಕೂಗ್ದೆ. ಒಬ್ರೂ ಬರ್ಲಿಲ್ಲ. ಅಂದ್ರೆ... ಎಲ್ರಿಗೂ ಗೊತ್ತಾ?

ಓನರ್ ಕರ್ಚೀಫ್ ಇಟ್ಕೊಂಡಿದ್ದು ಬಾಯಿಗಲ್ಲ. ಮೂಗಿಗೆ. ಅದಕ್ಕೇ ಲೇಬಲ್ ಕಿತ್ರು. ಇದನ್ನ ಎತ್ತಿ ಬಿಸಾಕ್ಬೇಡಿ, ಅವನಿಗೆ ಹೇಳ್ಬೇಡಿ ಅಂತ ನಿಂಗೂ ಹೇಳಿದ್ರಾ? ಯಾಕೋ ತಲೆ ಬಗ್ಗಿಸ್ದೆ... ಸರಿ ಬಿಡು. ನಿನ್ನ ತಪ್ಪೇನಿದೆ.

ಆ ಜ್ವರ ಬಂದಾಗಿಂದ ವಾಸ್ನೇನೇ ತಿಳೀತಿಲ್ಲ ಕಣೋ. ಬರುತ್ತೆ, ವಾಪಸ್ ಬಂದೇ ಬರುತ್ತೆ ಅಂದ್ರು ಡಾಕ್ಟ್ರು. ಕಾದೆ. ಏನೂ ಇಲ್ಲ, ಹೆಂಡ ಇಲ್ಲ, ಹೂವಿಲ್ಲ. ರಮ್ಯಂಗೂ ಗೊತ್ತಿಲ್ಲ. ಸಾರಿನ ಪಾತ್ರೆ ಮುಚ್ಚಳ ತೆಗೆದಾಗೆಲ್ಲಾ ಘಮ್ಮಂತಿದೆ ಕಣೇ ಅಂತೀನಿ. ಖುಷಿಯಾಗ್ತಾಳೆ ಪಾಪ. ಭಯ ಆಗುತ್ತೋ ನಂಗೆ... ಈ ಮೂಗು ಬಿಟ್ರೆ ನನ್ನತ್ರ ಏನಿದೆ?

ಅಗೋ, ಬಾಗ್ಲು ತಟ್ತಿದಾರೆ. ಹೋಗು, ತೆಗಿ. ಪಾಪ, ಎಷ್ಟು ಹೊತ್ತಿಂದ ಉಸಿರು ಕಟ್ಕೊಂಡಿದೀಯ. ಆಚೆ ಹೋಗಿ ಚೆನ್ನಾಗಿ ಉಸಿರಾಡ್ಕೋ.

ನಾನು ಇಲ್ಲೇ ಇರ್ತೀನಿ. ನಂಗೇನೂ ಆಗಲ್ಲ ಇಲ್ಲಿ.