ಅತಿಥಿಯ ಜಾಗದಲ್ಲಿ ಕಲ್ಲು

ಉತ್ತರ ಧ್ರುವದ ಹತ್ತಿರದ ತೇನೋ ನದಿಯಲ್ಲಿ ಸಾಲ್ಮನ್ ಮೀನು ಕಡಿಮೆಯಾದ್ದರಿಂದ ಅದನ್ನು ಹಿಡಿಯಬಾರದೆಂದು ಸರ್ಕಾರ ನಿಷೇಧ ಹೇರಿ ವರ್ಷಗಳಾದವು. ಗಾಳ ಹಾಕಲು ಬರುತ್ತಿದ್ದ ಅತಿಥಿಗಳ ದೋಣಿಗೆ ಹುಟ್ಟು ಹಾಕುತ್ತಿದ್ದ ಯೋವ್ನಾ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನ್ನೆದುರು ಕೂತಿದ್ದ. ಪಕ್ಕದಲ್ಲಿ ನೆರೆಮನೆಯ ಬಿರೆತ್.

"ಯೋವ್ನಣ್ಣ, ನದಿ ಕಾವಲಿನವರು ನಿನ್ನ ದೋಣಿ ತಡೆದ್ರಂತೆ?" ಬಿರೆತ್ ಕೇಳಿದಳು.

"ಹೂಂ. ಮೀನು ಬಚ್ಚಿಟ್ಟಿದೀಯ ಅಂತ ಹುಡುಕಿದ್ರು. ಅತಿಥಿ ಕೂರೋ ಜಾಗದಲ್ಲಿ ಕಲ್ಲು ಸಿಕ್ತು."

"ಕಲ್ಲ್ಯಾಕೆ?"

"ಒಬ್ನೇ ಕೂತ್ರೆ ಮೂತಿ ಮೇಲೇಳುತ್ತೆ. ದೋಣೀದು ಕಣೆ, ನಂದಲ್ಲ."

"ಮೀನು ಹಿಡಿಯೋ ಹಾಗಿಲ್ಲ, ಮತ್ಯಾಕೆ ಹೋಗ್ತೀಯ?"

"ಹೋಗೋದೂ ಬಿಟ್ರೆ ನದೀನೂ ನಮ್ದಲ್ಲ ಅಂತಾರೆ. ಸಮುದ್ರದಲ್ಲಿ ಮೀನು ಸಾಕಿ ನದಿ ಮೀನಿಗೆ ರೋಗ ಹಬ್ಬಿಸೋ ಕಂಪನಿಗಳನ್ನ ಯಾರು ತಡೆದ್ರು?"

"ನಾಳೆ ಆ ಕಲ್ಲು ತೆಗಿ. ನಾನು ಕೂರ್ತೀನಿ."

"ನೀನು ಬಾಯಿ ಮುಚ್ಚಲ್ಲ."

"ಮುಚ್ಚಲ್ಲ. ಎಷ್ಟೊತ್ತಿಗೆ ಬರ್ಲಿ?"



"ಬೇಗ ಬಾ," ಎಂದ ಯೋವ್ನಾ.

ನರ್ಸ್ ಕರೆದಳು. ಬಿರೆತ್ ಎದ್ದು ಒಳಗೆ ಹೋದಳು. ತನ್ನ ಸರದಿ ಆಗಲೇ ಮುಗಿದಿದ್ದರೂ ಯೋವ್ನಾ ಅಲ್ಲೇ ಕೂತೇ ಇದ್ದ.