ತಮ್ಮ ಕೂಗಿದ ಎಂಟು

ಒಂದೂರಲ್ಲಿ ಅಕ್ಕಿಗಿರಣಿಯ ಯಜಮಾನನೊಬ್ಬ ಇದ್ದ. ಅವನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ, ಒಂದೇ ಒಂದು ಮಾತಿನ ಹೊರತು. ಒಡಹುಟ್ಟಿದ ತಮ್ಮ ಅವನನ್ನು ‘ಅಣ್ಣ’ ಎಂದು ಕರೆದು ಏಳು ವರ್ಷವಾಗಿತ್ತು. ಯಾಕೆ? ತಮ್ಮನ ಮದುವೆಯ ಮಾತುಕತೆಯಲ್ಲಿ, ಬೀಗರೆದುರು ತಮ್ಮ ಏನೋ ಹೇಳಲು ಬಾಯಿ ತೆರೆದಾಗ, “ನೀನು ಸುಮ್ನಿರೋ, ನಿಂಗೇನು ಗೊತ್ತಾಗತ್ತೆ” ಅಂತ ಯಜಮಾನ ಅಂದುಬಿಟ್ಟಿದ್ದ. ಅಷ್ಟೇ.

ಆದರೂ ನೋಡಿ, ಭಾನುವಾರ ಮಧ್ಯಾಹ್ನ ತಮ್ಮ ತಪ್ಪದೆ ಬರುತ್ತಿದ್ದ. ಜಗಲಿಯ ಮೇಲೆ ಇಸ್ಪೀಟಾಟ. ಪ್ರವಚನದಲ್ಲಿ ಇಸ್ಪೀಟೇ ಅಂತ ನಗಬೇಡಿ ತಾಯಂದಿರೇ, ಕಾಸಿಟ್ಟು ಆಡಿದ್ದಲ್ಲ! ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಅಪ್ಪನ ಕಾಲದಿಂದ ಅಣ್ಣನೆದುರು ತಮ್ಮ. ಹದಿಮೂರು ಸುತ್ತಿನಲ್ಲಿ ಎಷ್ಟು ಗೆಲ್ಲುತ್ತೇವೆ, ಯಾವ ಜಾತಿಯ ಎಲೆ, ಆಟೀನೋ ಕಳಾವರೋ, ಉಳಿದೆಲ್ಲವನ್ನೂ ಹೊಡೆಯುವ ತುರುಫು ಎಂದು ಮೊದಲೇ ಕೂಗಬೇಕು. ಹೆಚ್ಚು ಕೂಗಿದವರದ್ದು ಆಟ. ಜೊತೆಗಾರನಿಗೆ ಸನ್ನೆ ಮಾಡುವಂತಿಲ್ಲ. ಏಳು ವರ್ಷ ತಮ್ಮನ ಬಾಯಿಂದ ಯಜಮಾನನ ಕಿವಿಗೆ ಬಿದ್ದದ್ದು ಆ ಕೂಗುಗಳಷ್ಟೆ. “ಏಳು.” “ಎಂಟು.” ಆ ದನಿಗಾಗಿ ಅವನು ಶನಿವಾರದಿಂದಲೇ ಕಾಯುತ್ತಿದ್ದ. ಕಾಯುತ್ತಿದ್ದ, ಸರಿ. ಕೇಳುತ್ತಿದ್ದನೇ? ತಮ್ಮ ಎಂಟು ಅಂದರೆ, ತನ್ನ ಎಲೆಗಳನ್ನಷ್ಟೇ ನೋಡಿಕೊಂಡು ಒಂಬತ್ತು ಅನ್ನುತ್ತಿದ್ದ. ಸೋಲುತ್ತಿದ್ದ.

ಎದುರಾಳಿಯಾಗಿ ಕೂತಿದ್ದ ಪೋಸ್ಟ್ ಮಾಸ್ತರರಿಗೇ ಒಂದು ದಿನ ತಡೆಯಲಾಗಲಿಲ್ಲ. “ಯಜಮಾನ್ರೇ, ನಿಮ್ಮ ಹತ್ರ ಇಲ್ದಿರೋ ಎಕ್ಕ ಉಳಿದ ಮೂವರಲ್ಲಿ ಒಬ್ಬರ ಹತ್ರ ಇರ್ಬೇಕಲ್ಲ? ತಮ್ಮನ ಹತ್ರ ಇರೋ ಸಂಭವ ಮೂರಕ್ಕೊಂದು. ಅದೂ ಅವನು ಬಾಯಿ ಬಿಡೋಕೆ ಮುಂಚೆ! ಎಂಟು ಅಂತ ಕೂಗಿದ ಮೇಲೂ ಅಷ್ಟೇನಾ? ಏನೂ ಇಲ್ದೆ ಕೂಗ್ತಾನಾ? ಅವನ ಕೂಗನ್ನೂ ಲೆಕ್ಕಕ್ಕೆ ಹಿಡೀರಿ ಸ್ವಾಮಿ. ನಂಗೇನು, ಹೀಗೇ ಆಡಿದ್ರೆ ನಾವೇ ಗೆಲ್ತೀವಿ.”

ಆ ವಾರವೇ ಸುದ್ದಿ ಬಂತು. ತಮ್ಮನ ಸಂಸಾರ ಬೇರೆ ಊರಿಗೆ ಹೊರಟಿತ್ತು. ಇನ್ನೊಂದೇ ಭಾನುವಾರ.

ಅವತ್ತು ಎಲೆ ಹಂಚಿದರು. ತಮ್ಮ ತಲೆ ಎತ್ತದೆ ಕೂಗಿದ: “ಎಂಟು. ಆಟೀನು.”

ಯಜಮಾನನ ಕೈಯಲ್ಲಿ ಕಳಾವರಿನ ಎಕ್ಕ, ರಾಜ, ರಾಣಿ. ‘ಒಂಬತ್ತು’ ನಾಲಿಗೆಯ ತುದಿಗೆ ಬಂದಿತ್ತು. ಆಟೀನಿನ ಎಕ್ಕ ತನ್ನಲ್ಲಿಲ್ಲ. ಮೂರಕ್ಕೊಂದು... ಇಲ್ಲ, ಹುಡುಗ ಬಾಯಿ ಬಿಟ್ಟು ಹೇಳಿದ್ದಾನಲ್ಲ!

“ನಂದೇನಿಲ್ಲ” ಅಂದ. “ತಮ್ಮ ಕೂಗಿದ್ದೇ ಆಗ್ಲಿ.”

ತಮ್ಮ ತಲೆ ಎತ್ತಿ ನೋಡಿದ. ಆಮೇಲೆ ಆಟೀನಿನ ಎಕ್ಕ ಇಳಿಸಿದ. ಅಲ್ಲೇ ಇತ್ತು! ಏಳು ವರ್ಷದಲ್ಲಿ ಇನ್ನೆಷ್ಟು ಎಕ್ಕಗಳು ಅಲ್ಲೇ ಇದ್ದವೋ.

ಗೆದ್ದರೇ? ಇಲ್ಲ. ಏಳೇ ಸುತ್ತು ಬಂದವು. ತಮ್ಮ ಎಲೆಗಳನ್ನು ಒಟ್ಟು ಮಾಡುತ್ತಾ ಮೆಲ್ಲಗೆ ಅಂದ, “ಒಂದು ಸುತ್ತಲ್ಲಿ ತಪ್ತು, ಅಣ್ಣ.”

ಯಜಮಾನನಿಗೆ ಎಲೆ ಕಲೆಸಲಾಗಲಿಲ್ಲ.

ಸೋತರೆಂದು ಆ ಕೂಗು ತಪ್ಪೇ, ಹೇಳಿ? ಲೆಕ್ಕ ಸರಿಯಿತ್ತು, ಎಲೆ ಕೂಡಿ ಬರಲಿಲ್ಲ. ಸರಿಯಾದ ಕೂಗೂ ಒಮ್ಮೊಮ್ಮೆ ಸೋಲುತ್ತದೆ. ನಾವೆಲ್ಲ ಹಂಬಲಿಸುವುದು ಒಂದು ಮಾತಿಗೆ. ಅದು ಎದುರಿಗೆ ಕೂತವರ ಬಾಯಿಂದ ಹೊರಟಾಗ ನೋಡುವುದು ನಮ್ಮ ಎಲೆಗಳನ್ನು. ಆ ಯಜಮಾನನಿಗೆ ಉಳಿದದ್ದು ಒಂದೇ ಭಾನುವಾರ. ನಿಮಗೆಷ್ಟು ಉಳಿದಿವೆ, ಬಲ್ಲಿರಾ? ಇವತ್ತು ಊಟಕ್ಕೆ ಕೂತಾಗ ಹೆಂಡತಿಯೋ, ತಮ್ಮನೋ, ಸೊಸೆಯೋ ಏನಾದರೂ ಹೇಳಲು ಬಾಯಿ ತೆರೆದರೆ, ನಿಮ್ಮ ಒಂಬತ್ತನ್ನು ನಾಲಿಗೆಯ ಮೇಲೇ ನಿಲ್ಲಿಸಿ. ತುತ್ತು ಕೆಳಗಿಡಿ. “ನೀನು ಹೇಳು” ಅನ್ನಿ.