ಖಾಡಿತೀರ ಕಟ್ಟಿದ ಧರ್ಮಪಾಲಣ್ಣ

ಹಿರಿಯರೇ, ಬಾಗಿ ಅಕ್ಕ, ರಮಿತಾ, ಠಾಣೆ, ಡೊಂಬಿವಲಿ, ಕಲ್ಯಾಣದಿಂದ, ಖಾಡಿ ದಾಟಿ ನವಿ ಮುಂಬೈಯಿಂದ ಬಂದ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ನಾನು ಕೈಲಾಸ. ಊರು ಬಾಗಲಕೋಟೆ ಕಡೆ, ಮನೆ ಡೊಂಬಿವಲಿ. ನಮ್ಮ 'ಖಾಡಿತೀರ' ಸುದ್ದಿತಾಣದ ಕಂಪ್ಯೂಟರ್ ಕೆಲಸ ನನ್ನದು. ಶುರುವಿನಿಂದ ಧರ್ಮಪಾಲಣ್ಣನ ಜೊತೆಗಿದ್ದವನು. ಇವತ್ತು ಅಳಬಾರದು ಅಂತ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಬಂದೀನಿ. ಯಾಕಂದ್ರ, ಅವರು ಮಾಡಬೇಕು ಅಂದುಕೊಂಡದ್ದನ್ನ ಮಾಡಿ ಹೋದ್ರು. ಎಷ್ಟು ಮಂದಿಗೆ ಸಿಗತದ್ರೀ ಆ ಭಾಗ್ಯ?

ನಿಮ್ಮಲ್ಲಿ ಬಹಳ ಜನ ಅವರನ್ನು ಮೊದಲು ನೋಡಿದ್ದು ನೌಪಾಡಾದ ಹೋಟೆಲಿನ ಗಲ್ಲಾ ಮೇಲೆ. ಅಲ್ಲಿ ಮ್ಯಾನೇಜರ್ ಆಗಿದ್ದರು. ಚಹಾ ಕುಡಿಯಲು ಬಂದವರೆಲ್ಲ ಅವರ ಹತ್ತಿರ ಸುದ್ದಿ ಬಿಟ್ಟು ಹೋಗುತ್ತಿದ್ದರು — ಯಾರ ಮಗಳು ಸಿ.ಎ. ಪಾಸಾದಳು, ಯಾವ ಸಂಘ ಒಡೆಯಿತು, ಎಲ್ಲಿ ತಾಳಮದ್ದಳೆ. ಒಂದು ದಿನ ನನ್ನ ಮುಂದೆ ಬಂದು ಕೂತರು. "ಕೈಲಾಸ, ಇದೆಲ್ಲ ಯಾವ ಪೇಪರಿನಲ್ಲಿ ಬರ್ತದೆ ಮಾರಾಯ? ನಾವಿಲ್ಲಿ ಇದ್ದೇವೆ ಅಂತಲೇ ಯಾರಿಗೂ ಗೊತ್ತಿಲ್ಲ. ಒಂದು ವೆಬ್‌ಸೈಟ್ ಮಾಡಿ ಕೊಡ್ತೀಯಾ?"

ಹೆಸರೂ ಅವರೇ ಇಟ್ಟರು. ನಮ್ಮ ಠಾಣೆಯ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅದರ ದಂಡೆಯ ಮೇಲಿನ ನಾವು. ಆದರೆ ಮೊದಲ ಫೋನ್ ಯಾರದು ಅಂತೀರಿ? "ಖಾದಿ ಜುಬ್ಬಾ ಯಾವ ಸೈಜ್ ಸಿಗ್ತದ?" ಅಂತ ಒಬ್ಬರು ಕೇಳಿದರು! ಧರ್ಮಪಾಲಣ್ಣ ಸಿಟ್ಟಾಗಲಿಲ್ಲ. "ಜುಬ್ಬಾ ಇಲ್ಲ, ಸುದ್ದಿ ಉಂಟು. ನಿಮ್ಮ ಕಡೆಯದ್ದು ಏನಾದರೂ ಉಂಟಾ?" ಅಂದರು. ಅವರಿಂದಲೂ ಒಂದು ಸುದ್ದಿ ಬಂತು, ನೋಡ್ರಿ.

ಆಮೇಲೆ — ಮುಂಡಪ್ಪಣ್ಣ ಇಲ್ಲೇ ಕೂತಿದ್ದಾರೆ, ನಗ್ತಿದ್ದಾರೆ — ಇವರ ಕಥೆ. ಐರೋಲಿಯಲ್ಲಿ ಮುಂಡಪ್ಪ ಅನ್ನುವ ಹಿರಿಯರು ತೀರಿಕೊಂಡರು. ನಮ್ಮ ಸೈಟಿನಲ್ಲಿ ವಿಠ್ಠಲವಾಡಿಯ ಈ ಮುಂಡಪ್ಪಣ್ಣನ ಫೋಟೋ ಬಂತು. ಹಾಕಿದವರು ಸ್ವತಃ ಧರ್ಮಪಾಲಣ್ಣ. ಜನ ಹಾರ ಹಿಡಿದುಕೊಂಡು ವಿಠ್ಠಲವಾಡಿಗೆ ಹೋದರೆ, ಬಾಗಿಲು ತೆಗೆದವರು ಇವರೇ! ಕೂಡಲೇ ಫೋನ್ ಮಾಡಿದರು. "ಧರ್ಮಪಾಲಣ್ಣ, ನಾನು ತೀರಿಕೊಂಡ ಸುದ್ದಿ ಓದಿದೆ. ಚಂದ ಬರೆದಿದ್ದೀರಿ. ಆದರೆ ಒಂದು ಸಣ್ಣ ತಪ್ಪು ಉಂಟು."

ನಾವೆಲ್ಲ ಹೇಳಿದೆವು: ಅಳಿಸಿಬಿಡೋಣ, ಸಣ್ಣ ಸೈಟು, ಯಾರು ನೋಡ್ಯಾರ? ಅವರು ನನ್ನನ್ನೇ ದಿಟ್ಟಿಸಿದರು. "ಇಲ್ಲಿ ಅಳಿಸಿದರೆ, ನೋಡಿದವರ ತಲೆಯಿಂದ ಹೋಗ್ತದಾ?" ಸೈಟಿನ ನೆತ್ತಿಯ ಮೇಲೆ ಬರೆಸಿದರು — ಮುಂಡಪ್ಪನವರು ಕ್ಷೇಮವಾಗಿದ್ದಾರೆ, ತಪ್ಪು ನನ್ನದು, ಧರ್ಮಪಾಲ. ಲೋಕಲ್ ರೈಲು ಹಿಡಿದು ವಿಠ್ಠಲವಾಡಿಗೆ ಹೋಗಿ ಕೈಮುಗಿದರು.

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಇಲ್ಲ. "ಇನ್ನು ಐರೋಲಿಗೆ ಹೋಗುವಾ" ಅಂದರು. ಅಲ್ಲಿಗ್ಯಾಕ್ರೀ? ಅಂದೆ. "ನಿಜವಾಗಿ ತಂದೆಯನ್ನು ಕಳಕೊಂಡವರು ಅವರಲ್ಲವಾ? ಅವರ ದುಃಖವನ್ನು ನಾವು ಬೇರೆ ಮನೆಗೆ ಬರೆದು ಕೊಟ್ಟೆವು." ಆ ಮನೆಯ ಮಗ ಮೊದಲು ಬಾಗಿಲಲ್ಲೇ ನಿಲ್ಲಿಸಿ ಬೈದ. ಧರ್ಮಪಾಲಣ್ಣ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅದೇ ಮಗ ಒಳಗೆ ಕರೆದು, ತಂದೆಯ ಬಗ್ಗೆ ಸಂಜೆವರೆಗೂ ಹೇಳಿದ. ಮರುದಿನ ಬಂದ ಆ ಬರಹವನ್ನು ಓದಿಯೇ ಜನ ನಮ್ಮನ್ನು ನಂಬಲು ಶುರುಮಾಡಿದ್ದು. ಕಲ್ಯಾಣದಿಂದ ದಾನಮ್ಮ ಅಕ್ಕ ಬರೆಯತೊಡಗಿದರು. ವಿಠ್ಠಲವಾಡಿಯ ನಮ್ಮ ವರದಿಗಾರರು ಯಾರಾದರು, ಗೊತ್ತಲ್ಲ? — ಹೂಂ, ಇವರೇ.

ಸೈಟು ಬೆಳೆಯಿತು. ಹೋಟೆಲ್ ಮಾಲೀಕರು ಮೇಲಿನ ಕೋಣೆಯನ್ನು ಆಫೀಸಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಬಂದ ಅತಿಥಿಯೊಬ್ಬರು ಧರ್ಮಪಾಲಣ್ಣನ ಲೇಖನವನ್ನು ಹೊಗಳಿ, ಅವರ ಮಗಳು ರಮಿತಾಗೆ "ಓದಿದೆಯೇನಮ್ಮಾ?" ಅಂತ ಕೇಳಿದರು. ಹುಡುಗಿ ಸುಳ್ಳು ಹೇಳಲಿಲ್ಲ. "ಮಲಾ ವಾಚತಾ ಯೇತ ನಾಹೀ. ಕನ್ನಡ ಓದ್ಲಿಕ್ಕೆ ಬರೋದಿಲ್ಲ ಅಂಕಲ್. ಪಪ್ಪಂದು ಒಂದೂ ಓದಿಲ್ಲ."

ಧರ್ಮಪಾಲಣ್ಣ ಮರುದಿನ ಬಂದು, "ಕೈಲಾಸ, ಊರೆಲ್ಲ ಓದ್ತದೆ, ನನ್ನ ಮನೆಯಲ್ಲೇ ಓದುಗರಿಲ್ಲ" ಅಂದರು. ಆಮೇಲೆ — "ಕೇಳಿದರೆ ಅವಳಿಗೆ ಅರ್ಥ ಆಗ್ತದೆ. ಹಾಗಾದರೆ ಕೇಳಿಸುವಾ."

ಹೀಗೆ ಶುರುವಾಯಿತು ನಮ್ಮ ಸುದ್ದಿ ಓದು. ಮೊದಲು ತಾವೇ ಓದಿದರು. ದಾನಮ್ಮ ಅಕ್ಕ ಕೇಳಿ, "ಇದು ಸುದ್ದಿ ಓದೂದೋ, ಜಗಳಾ ತಗಿಯೂದೋ?" ಅಂದರು. ಮೈಕು ರಮಿತಾ ಕೈಗೆ ಹೋಯಿತು. ಧರ್ಮಪಾಲಣ್ಣ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರು. ಅವಳು 'ಹಳ್ಳಿಯಿಂದ ಬಂದ ಕಲಾವಿದರು' ಅನ್ನೋದನ್ನ 'ಹಲ್ಲಿಯಿಂದ ಬಂದ ಕಲಾವಿದರು' ಅಂತ ಓದಿದಳು. ನಾವು ಬಿದ್ದು ಬಿದ್ದು ನಕ್ಕೆವು. ಅಪ್ಪ ಮಾತ್ರ, "ಮುಂದೆ ಓದು ಮಗಾ" ಅಂದರು. ಇವತ್ತು ನಮ್ಮನ್ನು ಓದುವವರಿಗಿಂತ ಕೇಳುವವರು ಹೆಚ್ಚು. ರಮಿತಾ ಈಗ ಕನ್ನಡ ಅಕ್ಷರವನ್ನೇ ನೋಡಿ ಓದುತ್ತಾಳೆ. ಅದನ್ನು ಕೇಳುವ ಭಾಗ್ಯ ಪಡೆದೇ ಧರ್ಮಪಾಲಣ್ಣ ಹೋದರು.

ಹೃದಯಾಘಾತ, ಹೆಚ್ಚು ನರಳಲಿಲ್ಲ. ಮೊನ್ನೆ ಮನೆಗೆ ಹೋದಾಗ ಅಳುಕುತ್ತಲೇ ಅವರ ಹೆಂಡತಿ ಬಾಗಿ ಅಕ್ಕನನ್ನು ಕೇಳಿದೆ, ಸೈಟು ಮುಂದುವರಿಸೋದಾ ಅಂತ. ಅಕ್ಕ ಹೇಳಿದರು: "ಎಷ್ಟು ಭಾನುವಾರ ಅವರನ್ನು ಅದಕ್ಕೆ ಬಿಟ್ಟು ಕೊಟ್ಟಿದ್ದೇನೆ. ಈಗ ನಿಲ್ಲಿಸಿದರೆ ನನ್ನ ಭಾನುವಾರಗಳು ಎಲ್ಲಿ ಹೋದ ಹಾಗೆ?"

ಹಾಗಾಗಿ ಬಂಧುಗಳೇ, ಖಾಡಿತೀರ ನಿಲ್ಲುವುದಿಲ್ಲ. ಇನ್ನು ಮುಂದೆ ರಮಿತಾ ಸಂಪಾದಕಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಧರ್ಮಪಾಲಣ್ಣನನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನಿರೋಣ. ಈ ಸಭಾಗೃಹದ ಹಿಂದೆಯೇ ರೈಲು ಹಳಿ ಇದೆ. ನಡುವೆ ಒಂದು ಲೋಕಲ್ ಸದ್ದು ಮಾಡಿಕೊಂಡು ಹೋಗಬಹುದು — ಹೋಗಲಿ. ಅದರಲ್ಲೂ ನಮ್ಮವರು ಯಾರಾದರೂ ಇರುತ್ತಾರೆ.